ಉಪ್ಪಿನ ಅಯೋಡಿನ್, ಔಷಧದ ಅಯೋಡಿನ್

ಮಸೂತಿಯಲ್ಲಿರುವ ತಂಗಿಯ ಮನೆಗೆ ಹೋದಾಗ ಅವಳನ್ನು ನೋಡಿ ಗಾಬರಿಯಾಯಿತು. ಮೈ ಇಳಿದಿತ್ತು, ಚಹಾದ ಬಟ್ಟಲು ಹಿಡಿದ ಕೈ ನಡುಗುತ್ತಿತ್ತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ, ವಿಕಿರಣಶೀಲ ಅಯೋಡಿನ್ ತೆಗೆದುಕೊಳ್ಳಿ ಎಂದು ವೈದ್ಯರು ಹೇಳಿದ್ದರಂತೆ. “ಅಣುಬಾಂಬಿನ ಔಷಧ ಕುಡಸ್ತಾರಂತ ಆಪಾ, ನಾ ಒಲ್ಲೆ” ಎಂದು ಎರಡು ತಿಂಗಳಿಂದ ಮುಂದೂಡುತ್ತಿದ್ದಳು.

“ಅಮ್ಮಿ, ಇದು ನಮ್ಮ ಪುಸ್ತಕದಾಗ ಐತಿ” ಎಂದು ಮಗಳು ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕ ತಂದಳು. ಪರಮಾಣು ರಚನೆಯ ಪಾಠದ ಕೊನೆಯಲ್ಲಿ ಅಯೋಡಿನ್ ಚಿಕಿತ್ಸೆಯ ಬಗ್ಗೆ ಒಂದೇ ಸಾಲು. ಪರೀಕ್ಷೆಗೆ ಬಾಯಿಪಾಠ ಮಾಡುವ ಆ ಸಾಲನ್ನು ಬಿಡಿಸುತ್ತಾ ನಮ್ಮ ಸಂಜೆ ಕಳೆಯಿತು.

ಪ್ರತಿ ಪರಮಾಣುವಿನ ನಡುವೆ ಪುಟ್ಟ ನ್ಯೂಕ್ಲಿಯಸ್ ಇದೆ. ಅದರೊಳಗೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು, ಹೊರಗೆ ಇಲೆಕ್ಟ್ರಾನ್‌ಗಳು. ಹೆಸರು ಕೊಡುವುದು ಪ್ರೋಟಾನ್. 53 ಪ್ರೋಟಾನ್ ಇದ್ದರೆ ಅದು ಅಯೋಡಿನ್ನೇ. ಆದರೆ ನ್ಯೂಟ್ರಾನ್‌ಗಳ ಸಂಖ್ಯೆ ಬೇರೆಯಾಗಬಹುದು. ನಮ್ಮ ಅಡುಗೆಯ ಉಪ್ಪಿನಲ್ಲಿರುವ ಅಯೋಡಿನ್‌ಗೆ 74 ನ್ಯೂಟ್ರಾನ್, ಕೂಡಿದರೆ 127. ಔಷಧದ್ದಕ್ಕೆ 78; ಕೂಡಿದರೆ 131. ಇಂತಹ ಒಡಹುಟ್ಟುಗಳೇ ಐಸೊಟೋಪ್‌ಗಳು. 1913ರಲ್ಲಿ ಫ್ರೆಡರಿಕ್ ಸಾಡಿ ಈ ಪದವನ್ನು ಬಳಕೆಗೆ ತಂದರು. ಅದನ್ನು ಅವರಿಗೆ ಸೂಚಿಸಿದವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ. ಪಾಠಪುಸ್ತಕಗಳಲ್ಲಿ ಆಕೆಯ ಹೆಸರು ಹುಡುಕಿದರೂ ಸಿಗುವುದು ಕಷ್ಟ!

ರಾಸಾಯನಿಕ ಗುಣ ಇಲೆಕ್ಟ್ರಾನ್‌ಗಳ ಕೈಯಲ್ಲಿದೆ. ಎರಡು ಅಯೋಡಿನ್‌ಗಳಿಗೂ ಅವು ಅಷ್ಟೇ ಇರುವುದರಿಂದ ನಮ್ಮ ದೇಹಕ್ಕೆ ಇಬ್ಬರೂ ಒಂದೇ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಉಪ್ಪಿನ ಅಯೋಡಿನ್ನನ್ನು ಹೇಗೆ ಎಳೆದುಕೊಳ್ಳುತ್ತದೋ 131ನ್ನೂ ಹಾಗೆಯೇ ಎಳೆದುಕೊಳ್ಳುತ್ತದೆ. ಅಲ್ಲಿ ಅದರ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ. 53 ಹೋಗಿ 54 ಆಯಿತು. ಅಯೋಡಿನ್ ಕ್ಸೆನಾನ್ ಅನಿಲವಾಯಿತು. ಆಗ ಹೊಮ್ಮುವ ಬೀಟಾ ಕಿರಣಗಳು ಒಂದೆರಡು ಮಿಲಿಮೀಟರ್ ಮಾತ್ರ ಸಾಗಿ, ಅತಿಯಾಗಿ ದುಡಿಯುವ ಜೀವಕೋಶಗಳನ್ನು ನಾಶ ಮಾಡುತ್ತವೆ. ಎಂಟು ದಿನಕ್ಕೆ ಅರ್ಧ ಉಳಿಯುತ್ತದೆ, ಹದಿನಾರನೆಯ ದಿನಕ್ಕೆ ಕಾಲು ಭಾಗ.

ದೇಹಕ್ಕೆ ಐಸೊಟೋಪ್‌ಗಳ ಗುರುತು ಸಿಗದಿರುವುದು ಅಪಾಯವೂ ಹೌದು. 2009ರ ನವೆಂಬರ್‌ನಲ್ಲಿ ನಮ್ಮದೇ ರಾಜ್ಯದ ಕೈಗಾ ಅಣುಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು. ಟ್ರಿಟಿಯಂ ಎಂದರೆ ಎರಡು ನ್ಯೂಟ್ರಾನ್ ಹೊತ್ತ ಹೈಡ್ರೋಜನ್. ರುಚಿಯಿಂದ ಯಾರಿಗೂ ತಿಳಿಯಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಐವತ್ತಕ್ಕೂ ಹೆಚ್ಚು ನೌಕರರಲ್ಲಿ ಅದು ಪತ್ತೆಯಾಯಿತು. ಅದೃಷ್ಟಕ್ಕೆ ನೀರಿನ ಹಾಗೆಯೇ ಬೆವರು, ಮೂತ್ರದಲ್ಲಿ ಹೊರಹೋಗುವ ಅದರ ಅರ್ಧಾಂಶ ಹತ್ತು ದಿನಗಳಲ್ಲಿ ಖಾಲಿಯಾಗುತ್ತದೆ.

“ಹಂಗಾದ್ರ ಮನ್ಯಾಗಿನ ಮಕ್ಕಳಿಗೆ?” ತಂಗಿ ಕೇಳಿದಳು. ಸರಿಯಾದ ಪ್ರಶ್ನೆ. ಈ ಅಯೋಡಿನ್ ದೂರ ಸಾಗುವ ಗಾಮಾ ಕಿರಣಗಳನ್ನೂ ಸೂಸುತ್ತದೆ. ಆದ್ದರಿಂದ ವೈದ್ಯರು ಹೇಳಿದಷ್ಟು ದಿನ ಚಿಕ್ಕಮಕ್ಕಳನ್ನು, ಗರ್ಭಿಣಿಯರನ್ನು ಹತ್ತಿರ ಕೂರಿಸಿಕೊಳ್ಳಬಾರದು. ಹಾಸಿಗೆ, ತಟ್ಟೆ ಬೇರೆ. ಗರ್ಭಿಣಿಗೆ, ಹಾಲುಣಿಸುವ ತಾಯಿಗೆ ಈ ಔಷಧ ಕೊಡುವುದಿಲ್ಲ; ತೆಗೆದುಕೊಂಡ ನಂತರ ಕನಿಷ್ಠ ಆರು ತಿಂಗಳು ಗರ್ಭ ಧರಿಸಬಾರದು. ಹಲವರಿಗೆ ಮುಂದೆ ಥೈರಾಯ್ಡ್ ಕುಂದಿ ಜೀವನವಿಡೀ ದಿನಕ್ಕೊಂದು ಮಾತ್ರೆ ಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ನನಗೆ ಸರಿ ಕಾಣಲಿಲ್ಲ.

1938ರಲ್ಲಿ ಈ ಅಯೋಡಿನ್ನನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಗ್ಲೆನ್ ಸೀಬೋರ್ಗ್ ಅವರ ತಾಯಿಗೂ ಮುಂದೆ ಇದರಿಂದಲೇ ಚಿಕಿತ್ಸೆಯಾಯಿತು ಎಂದಾಗ ತಂಗಿ ಮೊದಲ ಬಾರಿ ನಕ್ಕಳು.

ರಾತ್ರಿ ಊಟವಾದ ಮೇಲೆ, ಕಿರಿಯವನು ಒಂದು ವಾರ ದಾದಿಯ ಹತ್ತಿರ ಮಲಗುತ್ತಾನೋ ಇಲ್ಲವೋ ಎಂಬ ಚರ್ಚೆ ಶುರುವಾಯಿತು.