ಕಪ್ಪೆಯ ಋಣ, ನಾಯಿಯ ಋಣ

“ಪ್ರಾಣಿಗಳನ್ನು ಪ್ರಯೋಗಕ್ಕೆ ಬಲಿಕೊಡುವವರು ಜೀವವಿಜ್ಞಾನಿಗಳು. ನಮ್ಮ ಭೌತಶಾಸ್ತ್ರಕ್ಕೆ ಆ ದೋಷವಿಲ್ಲ, ಅಲ್ಲವೆ ಸಾರ್?” ಎಂದು ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯಲ್ಲಿ ನನ್ನನ್ನು ಕೇಳಿದನು. ಆಗ ಅವನ ಮುಂದಿದ್ದುದು ಗ್ಯಾಲ್ವನೋಮೀಟರು. ಉತ್ತರವು ಆ ಉಪಕರಣದ ಹೆಸರಿನಲ್ಲಿಯೇ ಅಡಗಿತ್ತು.

ಲೂಯಿಜಿ ಗ್ಯಾಲ್ವನಿಯು ಇಟಲಿಯ ಬೊಲೋನ್ಯಾ ನಗರದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕನಾಗಿದ್ದನು. ಸತ್ತ ಕಪ್ಪೆಯನ್ನು ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿ ಕಬ್ಬಿಣಕ್ಕೆ ತಾಗಿಸಿದಾಗ ಅದರ ಕಾಲು ಜೀವವಿದ್ದಂತೆ ಅದುರಿತು. ಪ್ರಾಣಿಯ ದೇಹದಲ್ಲಿಯೇ ವಿದ್ಯುತ್ತು ಇದೆಯೆಂದು ಅವನು 1791ರಲ್ಲಿ ಸಾರಿದನು. ಅಲೆಸ್ಸಾಂಡ್ರೊ ವೋಲ್ಟನು ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟುವುದು ಎರಡು ಬೇರೆ ಬೇರೆ ಲೋಹಗಳಿಂದ. ಕಪ್ಪೆಯ ಕಾಲು ಅದನ್ನು ತೋರಿಸಿಕೊಡುವ ಸೂಕ್ಷ್ಮೋಪಕರಣ ಮಾತ್ರ ಎಂಬುದು ಅವನ ವಾದ. ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು, ಒಂದರ ಮೇಲೊಂದು ಪೇರಿಸಿ, 1800ರಲ್ಲಿ ಅವನು ಲೋಕಕ್ಕೆ ಮೊದಲ ಬ್ಯಾಟರಿಯನ್ನು ಕೊಟ್ಟನು. ಗ್ಯಾಲ್ವನಿಯ ಮಾತೂ ಪೂರ್ಣ ಸುಳ್ಳಲ್ಲ. ನರಗಳಲ್ಲಿಯೂ ಸ್ನಾಯುಗಳಲ್ಲಿಯೂ ವಿದ್ಯುತ್ತು ಉಂಟೆಂಬುದಕ್ಕೆ ಇಂದಿನ ಇ.ಸಿ.ಜಿ.ಯೇ ಸಾಕ್ಷಿ.

ವಿದ್ಯುತ್ಪ್ರವಾಹವು ಅಯಸ್ಕಾಂತದ ಮುಳ್ಳನ್ನು ತಿರುಗಿಸುವುದೆಂದು ಅಯರ್‌ಸ್ಟೆಡ್ಡನು 1820ರಲ್ಲಿ ಕಂಡುಹಿಡಿದ ಮೇಲೆ, ಕಪ್ಪೆಯ ಕೆಲಸವನ್ನು ಮುಳ್ಳೇ ಮಾಡತೊಡಗಿತು. ಗ್ಯಾಲ್ವನೋಮೀಟರು ಹುಟ್ಟಿದುದು ಹೀಗೆ. ಜೀವಿಯ ಸ್ಥಾನವನ್ನು ಯಂತ್ರವು ವಹಿಸಿಕೊಂಡಿತು. ಅಳತೆಯೂ ಹೆಚ್ಚು ನಿಖರವಾಯಿತು.

ಎಲ್ಲ ಕಥೆಗಳೂ ಹೀಗೆ ಮುಗಿಯಲಿಲ್ಲ. 1957ರ ನವೆಂಬರ್ 3ರಂದು ಸೋವಿಯತ್ ದೇಶವು ಮಾಸ್ಕೋ ನಗರದ ಬೀದಿನಾಯಿಯಾಗಿದ್ದ ಲೈಕಾ ಎಂಬುದನ್ನು ಸ್ಪುಟ್ನಿಕ್-2ರಲ್ಲಿ ಹಾರಿಸಿತು. ನಾಲ್ಕು ದಿನಗಳ ಬಳಿಕ ಬರಲಿದ್ದ ಕ್ರಾಂತಿಯ ನಲವತ್ತನೆಯ ವಾರ್ಷಿಕೋತ್ಸವಕ್ಕಾಗಿ ಅವಸರದಿಂದ ಕಟ್ಟಿದ ಆ ನೌಕೆಯಲ್ಲಿ ಹಿಂದಿರುಗುವ ಏರ್ಪಾಡೇ ಇರಲಿಲ್ಲ. ನಾಯಿಯು ಹಲವು ದಿನ ಬದುಕಿತ್ತೆಂದು ಜನರು ಬಹುಕಾಲ ನಂಬಿದ್ದರು. ಕೆಲವೇ ಗಂಟೆಗಳಲ್ಲಿ ಒಳಗಿನ ಬಿಸಿಯೇರಿ ಅದು ಸತ್ತಿತೆಂಬ ಸತ್ಯ ಹೊರಬಿದ್ದುದು 2002ರಲ್ಲಿ. ತೂಕವಿಲ್ಲದ ಸ್ಥಿತಿಯಲ್ಲಿಯೂ ಜೀವಿಯು ಬದುಕಬಲ್ಲದೆಂದು ಅದರಿಂದ ತಿಳಿಯಿತು, ನಿಜ. ಆದರೆ ಆ ಕಾರ್ಯದಲ್ಲಿ ಭಾಗಿಯಾಗಿದ್ದ ಒಲೆಗ್ ಗಜೆಂಕೊ ಅವರೇ, ನಾಯಿಯ ಸಾವನ್ನು ಸಮರ್ಥಿಸಿಕೊಳ್ಳುವಷ್ಟು ನಾವು ಕಲಿಯಲಿಲ್ಲವೆಂದು 1998ರಲ್ಲಿ ಪಶ್ಚಾತ್ತಾಪಪಟ್ಟರು. ಸುರಕ್ಷಿತವಾಗಿ ಇಳಿಯುವ ನೌಕೆ ಸಿದ್ಧವಾದ ಮೇಲೆ, 1960ರಲ್ಲಿ ಬೆಲ್ಕಾ ಮತ್ತು ಸ್ಟ್ರೆಲ್ಕಾ ಎಂಬ ನಾಯಿಗಳು ಜೀವಂತವಾಗಿಯೇ ಮರಳಿದವು.

ಹಾಗಾದರೆ ಪ್ರಾಣಿಪ್ರಯೋಗವೇ ಬೇಡವೆನ್ನೋಣವೆ? 1921ರಲ್ಲಿ ಟೊರಾಂಟೊ ನಗರದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗಗಳಿಂದಲೇ ಇನ್ಸುಲಿನ್ ದೊರೆಯಿತು. ಅದರಿಂದ ಬದುಕುಳಿದ ಮಧುಮೇಹಿಗಳು ಅಸಂಖ್ಯ. ಇಂದಿಗೂ ಔಷಧಗಳನ್ನೂ ಲಸಿಕೆಗಳನ್ನೂ ಇಲಿಗಳ ಮೇಲೆ ಪರೀಕ್ಷಿಸುವುದುಂಟು. ಆದುದರಿಂದಲೇ 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಮೂರು ಸೂತ್ರಗಳನ್ನು ಮುಂದಿಟ್ಟರು: ಸಾಧ್ಯವಿದ್ದಲ್ಲಿ ಪ್ರಾಣಿಗೆ ಬದಲಾಗಿ ಬೇರೊಂದನ್ನು ಬಳಸುವುದು, ಬಳಸಲೇಬೇಕಾದರೆ ಅವುಗಳ ಸಂಖ್ಯೆಯನ್ನು ಕಡಮೆ ಮಾಡುವುದು, ಅವುಗಳ ನೋವನ್ನು ತಗ್ಗಿಸುವುದು. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಪ್ರಯೋಗವನ್ನು ನಿಷೇಧಿಸದೆ ನಿಯಂತ್ರಣಕ್ಕೆ ಒಳಪಡಿಸಿತು. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಲು ಆದೇಶಿಸಿತು. ತಿಳಿದ ವಿಷಯವನ್ನು ಮತ್ತೆ ತೋರಿಸಲು ಹೊಸ ಜೀವವೊಂದು ಬೇಕಿಲ್ಲ.

ನಾನು ಆ ವಿದ್ಯಾರ್ಥಿಗೆ ಹೇಳಿದುದು ಇಷ್ಟೆ: ನಮ್ಮ ಶಾಸ್ತ್ರವೂ ನಿರ್ದೋಷಿಯಲ್ಲ. ಜೀವವನ್ನು ನೋಯಿಸದೆ ಈ ಪ್ರಶ್ನೆಗೆ ಉತ್ತರ ದೊರೆಯದೆ ಎಂದು ಪ್ರಯೋಗಕ್ಕೆ ಮುಂಚೆಯೇ ಕೇಳಿಕೊಳ್ಳುವವನು ಕಪ್ಪೆಯ ಋಣವನ್ನೂ ಲೈಕಾಳ ಋಣವನ್ನೂ ಸ್ವಲ್ಪಮಟ್ಟಿಗೆ ತೀರಿಸಿದಂತೆ.