ಧಣಿಯ ಎದುರು ಆಡಿದ ಮಾತು

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಸೀಮೆಯ ಹಿರಿಯರಿಗೆ ಜೀತ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಗಳ ಮದುವೆಗೋ ಹೆಂಡತಿಯ ಕಾಯಿಲೆಗೋ ಮಾಡಿದ ಸಾಲ, ಯುಗಾದಿಯಿಂದ ಯುಗಾದಿಗೆ ಲೆಕ್ಕ, ನಡುವೆ ಧಣಿಯ ಮನೆಯ ದನ, ಗೊಬ್ಬರ, ನೇಗಿಲು. ಅಪ್ಪನಿಗೆ ಕೈಲಾಗದೇ ಹೋದರೆ ಆ ಜಾಗಕ್ಕೆ ಮಗ. ಈಗ ಅದೇ ಸೀಮೆಯ ಇಟ್ಟಿಗೆ ಗೂಡುಗಳಿಂದ ದೂರದ ಊರಿನ ಕುಟುಂಬಗಳನ್ನು ಅಧಿಕಾರಿಗಳು ಬಿಡಿಸಿ ತಂದ ಸುದ್ದಿ ಬರುತ್ತದೆ. ಬಂದಾಗಲೆಲ್ಲ ಹೋಟೆಲಿನ ಮುಂದೆ, ಕಚೇರಿಯ ಪಡಸಾಲೆಯಲ್ಲಿ ಕೆಲವು ಮಾತು ಕೇಳಿಬರುತ್ತವೆ. ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದಕ್ಕೇ ಅವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದೇನೆ.

“ಅವನೇ ಒಪ್ಪಿ ಮುಂಗಡ ಇಸ್ಕೊಂಡ. ಇದರಲ್ಲಿ ಜೀತ ಎಲ್ಲಿಂದ ಬಂತು?”

ಮುಂಗಡ ಪಡೆದ ಮಾತ್ರಕ್ಕೆ ಜೀತವಾಗುವುದಿಲ್ಲ, ನಿಜ. ದೊಡ್ಡಬಳ್ಳಾಪುರದ ಮಗ್ಗದವನೊಬ್ಬ ಮಾಲೀಕರಿಂದ ಮುಂಗಡ ಪಡೆದು, ಬೇಡವೆನಿಸಿದಾಗ ಇನ್ನೊಂದು ಮಗ್ಗಕ್ಕೆ ಹೋಗಿ ದುಡಿದು ಆ ಹಣ ತೀರಿಸಬಲ್ಲನಾದರೆ ಅದು ಬರೀ ಸಾಲ. ಸಾಲದ ಹೆಸರಿನಲ್ಲಿ ಬೇರೆ ಕಡೆ ದುಡಿಯುವ ದಾರಿ ಮುಚ್ಚಿದರೆ, ಊರಲ್ಲಿ ಸಾವಾದರೂ ಹೋಗಗೊಡದಿದ್ದರೆ, ಕೂಲಿಯನ್ನು ಕನಿಷ್ಠಕ್ಕಿಂತ ಕೆಳಗಿಳಿಸಿದರೆ ಅದು ಜೀತ. ಜೀತ ಪದ್ಧತಿ ರದ್ದತಿ ಕಾಯ್ದೆ (1976) ನೋಡುವುದು ಇವನ್ನೇ.

ಇನ್ನು ಒಪ್ಪಿಗೆಯ ಮಾತು. ಯಾರೂ ಒಪ್ಪಂದ ಮಾಡಿಕೊಂಡು ತನ್ನನ್ನು ತಾನೇ ಗುಲಾಮಗಿರಿಗೆ ಒಪ್ಪಿಸಿಕೊಳ್ಳಲಾರ ಎಂದು ಹದಿನೇಳನೇ ಶತಮಾನದಲ್ಲೇ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಬರೆದ. ಸ್ವಾತಂತ್ರ್ಯ ಹುಟ್ಟಿನಿಂದ ಬಂದದ್ದು, ಮಾರಾಟದ ಸರಕಲ್ಲ ಎಂಬ ವಾದ. ಅದೇ ಲಾಕ್ ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹೂಡಿದ್ದ! ಆ ತತ್ವ ನಮ್ಮಲ್ಲಿ ಕೈಗೆಟುಕುವಂತಾದದ್ದು ಸಂವಿಧಾನದ 23ನೇ ವಿಧಿಯಲ್ಲಿ. ಬೇಗಾರಿಯನ್ನು, ಬಲವಂತದ ದುಡಿಮೆಯನ್ನು ಅದು ನಿಷೇಧಿಸುತ್ತದೆ. ಸರ್ಕಾರವನ್ನಷ್ಟೇ ಅಲ್ಲ, ಗೂಡಿನ ಮಾಲೀಕನನ್ನೂ ಕಟ್ಟಿಹಾಕುತ್ತದೆ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದಕ್ಕೆ ಹೋಯಿತು. ಬೆನ್ನ ಮೇಲೆ ಬೀಳುವ ಕೋಲಷ್ಟೇ ಬಲವಂತವಲ್ಲ, ಹಸಿವೂ ಬಲವಂತವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೂ ಅದು ಬಲವಂತದ ದುಡಿಮೆ ಎಂದಿತು.

“ಇಬ್ಬರ ನಡುವಿನ ವ್ಯವಹಾರ. ಸರ್ಕಾರಕ್ಕೇನು ಕೆಲಸ?”

ಸರ್ಕಾರ ಈ ವ್ಯವಹಾರದಿಂದ ದೂರ ನಿಂತದ್ದು ಯಾವಾಗ? 1843ರ ಕಾಯ್ದೆಯಿಂದ ಬ್ರಿಟಿಷ್ ಆಳ್ವಿಕೆಯ ನ್ಯಾಯಾಲಯಗಳು ಗುಲಾಮಗಿರಿಯನ್ನು ಮಾನ್ಯ ಮಾಡುವುದು ನಿಂತಿತು. ಹದಿನಾರೇ ವರ್ಷಕ್ಕೆ, 1859ರಲ್ಲಿ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಜೈಲಿಗೆ ಕಳಿಸಬಹುದಾದ ಕಾಯ್ದೆಯನ್ನು ಅದೇ ಸರ್ಕಾರ ತಂದಿತು. ಬಾಗಿಲು ತೆರೆದ ಕೈಯೇ ಚಿಲಕವನ್ನೂ ಹಾಕಿತು. ಹಾಗಾಗಿ ಸರ್ಕಾರ ಮಧ್ಯೆ ಬರಬಾರದು ಅನ್ನುವುದರ ಅರ್ಥ, ಅದು ಎಂದಿನಂತೆ ಸಾಲ ಕೊಟ್ಟವನ ಪಕ್ಕದಲ್ಲೇ ನಿಂತಿರಲಿ ಎಂದು.

“ಕಾಗದ ಇಲ್ಲ, ಪತ್ರ ಇಲ್ಲ. ಅವನು ಹೇಳಿದ್ದನ್ನೇ ನಂಬಬೇಕಾ?”

ಕಾಗದ ಇದ್ದರೆ ಅದು ಧಣಿಯ ಹತ್ತಿರ. ಲೆಕ್ಕದ ಪುಸ್ತಕ ಅವನದು, ಹೆಬ್ಬೆಟ್ಟು ಒತ್ತಿಸಿಕೊಂಡವನೂ ಅವನೇ. 1976ರ ಕಾಯ್ದೆ ಬರೆದವರು ಇದನ್ನು ಬಲ್ಲವರು. ಇದು ಜೀತದ ಸಾಲ ಎಂದು ದುಡಿದವನೋ ಆ ಕಾಯ್ದೆಯಡಿ ರಚಿಸಿದ ಜಾಗೃತಿ ಸಮಿತಿಯೋ ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊಣೆಯನ್ನು 15ನೇ ಕಲಂ ಸಾಲ ಕೊಟ್ಟವನ ಮೇಲೆ ಹೊರಿಸುತ್ತದೆ. ಜೀತದಾಳುಗಳ ಬಿಡುಗಡೆಗೆ ದುಡಿದ ಬಂಧುವಾ ಮುಕ್ತಿ ಮೋರ್ಚಾ ಸಂಘಟನೆಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆ ಎಂದೇ ಭಾವಿಸಬೇಕೆಂದಿತು.

“ಆದರೆ ಅವರ ಮಾತು ದಿನಕ್ಕೊಂದು ಥರ. ನಿನ್ನೆ ಚೆನ್ನಾಗಿ ನೋಡ್ಕೊಂಡ್ರು ಅಂದವರು ಇವತ್ತು ಹೊಡೆದರು ಅಂತಾರೆ.”

ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹೇಳಿಕೆಯಲ್ಲಿ ವ್ಯತ್ಯಾಸ ಇರುತ್ತದೆ, ಅಲ್ಲಗಳೆಯುವುದಿಲ್ಲ. ಅದಕ್ಕೆ ಕಾರಣ ಹೇಳಿದವರಲ್ಲಿ ಮಾತ್ರ ಹುಡುಕಿದರೆ ಸಾಲದು, ಕೇಳಿದವರು ಯಾರು ಎಂದೂ ನೋಡಬೇಕು.

1930ರ ದಶಕದ ಕೊನೆಯಲ್ಲಿ ಅಮೆರಿಕದ ಸರ್ಕಾರ ಗುಲಾಮರಾಗಿದ್ದ ಎರಡು ಸಾವಿರಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತನ್ನು ಬರೆಸಿಟ್ಟಿತು. ಅವರಲ್ಲಿ ಚಾರ್ಲ್‌ಸ್ಟನ್ನಿನ ಸೂಸನ್ ಹ್ಯಾಮ್ಲಿನ್ ಒಬ್ಬಳು. ಬಿಳಿಯ ಹೆಂಗಸೊಬ್ಬಳು ಬಂದು ಕೇಳಿದಳು. ಬಡವರಿಗೆ ನೆರವು ಕೊಡುವ ಕಚೇರಿಯವಳೇ ಇರಬೇಕು ಎಂದುಕೊಂಡ ಮುದುಕಿ ಯಜಮಾನರು ಒಳ್ಳೆಯವರಿದ್ದರು ಎಂದಳು. ಇನ್ನೊಮ್ಮೆ ಆಗಸ್ಟಸ್ ಲ್ಯಾಡ್ಸನ್ ಎಂಬ ಕಪ್ಪು ಜನಾಂಗದವನು ಬಂದು ಕೇಳಿದಾಗ ಅದೇ ಮುದುಕಿಯ ಬಾಯಲ್ಲಿ ಚಾವಟಿಯೇಟು ಬಂತು, ಮನೆಯವರನ್ನು ಅಗಲಿಸಿ ಮಾರಿದ ಸಂಗತಿ ಬಂತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಇತಿಹಾಸಕಾರರು ಅವಳನ್ನು ಸುಳ್ಳುಗಾರ್ತಿ ಎನ್ನಲಿಲ್ಲ. ಯಾರೆದುರು ಯಾವ ಮಾತು ಆಡಬಹುದು ಎಂಬ ಅವಳ ಅಂದಾಜೇ ಗುಲಾಮಗಿರಿ ಕಲಿಸಿದ ಪಾಠವೆಂದು ತಿಳಿದರು.

ಈಗ ಇಟ್ಟಿಗೆ ಗೂಡಿಗೆ ಬನ್ನಿ. ಜೀಪು ನಿಂತಿದೆ. ಮೇಸ್ತ್ರಿ ಹತ್ತು ಮಾರು ದೂರದಲ್ಲಿ ಕೈಕಟ್ಟಿ ನೋಡುತ್ತಿದ್ದಾನೆ. ಪ್ರಶ್ನೆ ಕನ್ನಡದಲ್ಲಿ, ಆ ಹೆಂಗಸಿನ ಭಾಷೆ ಬೇರೆ, ಅನುವಾದಕ್ಕೆ ನಿಂತವನೂ ಮೇಸ್ತ್ರಿಯ ಕಡೆಯವನೇ. ಇಲ್ಲಿ ಏನೂ ತೊಂದರೆ ಇಲ್ಲ ಸ್ವಾಮಿ ಎಂದು ಅವಳು ಹೇಳುತ್ತಾಳೆ. ಆ ಒಂದು ಸಾಲನ್ನು ಕಡತದಲ್ಲಿ ಬರೆದರೆ ವಿಚಾರಣೆ ನಡೆದಂತಾಗುತ್ತದೆಯೇ? ಬೇರೆ ಜಾಗದಲ್ಲಿ ಕೂರಿಸಿ, ಅವಳ ಭಾಷೆ ಬಲ್ಲ ಇನ್ನೊಬ್ಬರನ್ನು ಕರೆಸಿ, ರಾತ್ರಿ ಅವಳು ಎಲ್ಲಿ ಮಲಗುತ್ತಾಳೆಂದು ಮೊದಲೇ ತಿಳಿಸಿ ಕೇಳಿದಾಗ ಬರುವ ಎರಡನೇ ಹೇಳಿಕೆಯೇ ತೂಕದ್ದು. ಸಾಲ ಯಾವ ಇಸವಿಯಲ್ಲಿ ಮಾಡಿದಿರಿ ಎಂದರೆ ಅವಳಿಗೆ ತೋಚುವುದಿಲ್ಲ. ಅತ್ತೆ ತೀರಿಕೊಂಡ ವರ್ಷ ಎನ್ನುತ್ತಾಳೆ. ಅದೂ ತಾರೀಖೇ, ಮರಣದ ದಾಖಲೆ ತೆಗೆಸಿದರೆ ಸಿಗುತ್ತದೆ.

ಹೇಳಿದ್ದನ್ನು ನಂಬದಿರುವುದು ಹೊಸತಲ್ಲ. ಅಮೆರಿಕದಲ್ಲಿ ಗುಲಾಮಳಾಗಿದ್ದ ಹ್ಯಾರಿಯೆಟ್ ಜೇಕಬ್ಸ್ ಅಜ್ಜಿಯ ಮನೆಯ ಅಟ್ಟದಲ್ಲಿ ಏಳು ವರ್ಷ ಅಡಗಿದ್ದ ತನ್ನ ಕಥೆಯನ್ನು 1861ರಲ್ಲಿ ಅಚ್ಚು ಹಾಕಿಸಿದಳು. ಅದನ್ನು ಸಂಪಾದಿಸಿದ ಬಿಳಿಯ ಲೇಖಕಿಯೇ ಕಟ್ಟಿದ ಕಾದಂಬರಿ ಎಂದು ಎಷ್ಟೋ ವಿದ್ವಾಂಸರು ಕಡೆಗಣಿಸಿದರು. 1980ರ ದಶಕದಲ್ಲಿ ಸಂಶೋಧಕಿ ಜೀನ್ ಫೇಗನ್ ಯೆಲಿನ್ ಪತ್ರಗಳನ್ನೂ ದಾಖಲೆಗಳನ್ನೂ ಹುಡುಕಿ ತೆಗೆದರು. ಕಥೆ ನಿಜ, ಬರೆದವಳೂ ಜೇಕಬ್ಸಳೇ ಎಂದು ಸಾಬೀತಾಯಿತು. ನೂರು ವರ್ಷಕ್ಕೂ ಮಿಕ್ಕಿ ಕೊರತೆಯಿದ್ದದ್ದು ಹುಡುಕುವವರದು.

ನಮ್ಮಲ್ಲೇ ನೋಡಿ. ನೆಲಮಂಗಲಕ್ಕೆ ಹೊಂದಿಕೊಂಡ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ಎತ್ತಿನಂತೆ ನೊಗ ಹೊತ್ತ ಇಬ್ಬರನ್ನು ನೆನೆಯುತ್ತಾರೆ. ಅವರಲ್ಲಿ ಒಬ್ಬರು ಅವರ ತಂದೆ. ಇಸವಿಯಿಲ್ಲ, ರಸೀದಿಯಿಲ್ಲ. ಯಾವ ಕಚೇರಿಯ ಕಡತವೂ ಬರೆದಿಡದ ಸಂಗತಿ ಮಗುವೊಂದರ ಕಣ್ಣಲ್ಲಿ ಉಳಿಯಿತು.

“ಬಿಡುಗಡೆ ಪತ್ರ ಸಿಕ್ಕ ದಿನದಿಂದ ಅವನು ಸ್ವತಂತ್ರ.”

ಅಲ್ಲ. 1976ರ ಕಾಯ್ದೆ ಜಾರಿಗೆ ಬಂದಂತೆ ಲೆಕ್ಕವಿರುವುದು 1975ರ ಅಕ್ಟೋಬರ್ 25ರಿಂದ. ದೇಶದಲ್ಲಿದ್ದ ಪ್ರತಿ ಜೀತದಾಳಿನ ಬಿಡುಗಡೆಯಾಗಿ ಸಾಲ ತೀರಿಹೋದದ್ದು ಅಂದೇ. ಆಮೇಲೆ ಹೂಡಿದ ಜೀತಕ್ಕಂತೂ ಕಾನೂನಿನ ಕಣ್ಣಲ್ಲಿ ಹುಟ್ಟೇ ಇಲ್ಲ. ಬೀರಸಂದ್ರದ ಜಿಲ್ಲಾಡಳಿತ ಭವನದಿಂದಲೋ ದೊಡ್ಡಬಳ್ಳಾಪುರದ ಉಪವಿಭಾಗಾಧಿಕಾರಿಯ ಕಚೇರಿಯಿಂದಲೋ ಬರುವ ಪತ್ರ ಆಗಲೇ ಇರುವ ಸ್ವಾತಂತ್ರ್ಯವನ್ನು ಕಂಡೆವೆಂದು ಹೇಳುವ ಕಾಗದ. ಆದರೂ ಅದು ಬೇಕೇ ಬೇಕು. ತಕ್ಷಣದ ನೆರವು 30,000 ರೂಪಾಯಿವರೆಗೆ, ಆಮೇಲಿನ ಪುನರ್ವಸತಿಗೆ ಒಂದರಿಂದ ಮೂರು ಲಕ್ಷ, ಎಲ್ಲಕ್ಕೂ ದಾರಿ ಆ ಪತ್ರದಿಂದ. ಪತ್ರದ ಬುಡದಲ್ಲಿರುವುದು ಗೂಡಿನ ಹತ್ತಿರ ಬರೆದುಕೊಂಡ ಹೇಳಿಕೆ. ಅಷ್ಟು ಹೊತ್ತು ಮೇಸ್ತ್ರಿಯನ್ನು ಗೇಟಿನ ಆಚೆ ನಿಲ್ಲಿಸುವುದು ತಹಸೀಲ್ದಾರರ ಕೈಯಲ್ಲಿದೆ.