ತಾಯಿಯನ್ನೇ ಹೋಲುವ ಬೀಜ: ಕಾಶ್ಮೀರದ ರೋವನ್ ಮರ

ಬಾದಾಮಿ ಮಾವಿನ ಓಟೆ ನೆಟ್ಟರೆ ತಾಯಿ ಮರದಂತಹ ಹಣ್ಣೇ ಬರುವುದೆಂಬ ಭರವಸೆಯಿಲ್ಲ. ಆದುದರಿಂದಲೇ ರೈತರು ಕಸಿ ಗಿಡಗಳನ್ನು ನೆಡುತ್ತಾರೆ. ಸೇಬಿನದೂ ಹೀಗೆಯೇ. ಆದರೆ ಸೇಬಿನ ಕುಟುಂಬಕ್ಕೇ ಸೇರಿದ ಕಾಶ್ಮೀರದ ರೋವನ್ ಮರದ ಬೀಜದಿಂದ ಹುಟ್ಟುವ ಸಸಿಗಳು ಸಾಮಾನ್ಯವಾಗಿ ತಾಯಿಯ ಪಡಿಯಚ್ಚುಗಳೇ ಆಗಿರುತ್ತವೆ.

ಮರದ ಲಕ್ಷಣಗಳು

ಸೋರ್ಬಸ್ ಕಾಶ್ಮೀರಿಯಾನ ಎಂಬ ಶಾಸ್ತ್ರೀಯ ಹೆಸರಿನ ಈ ಮರದ ತವರು ಪಶ್ಚಿಮ ಹಿಮಾಲಯ. ಎತ್ತರ ಸುಮಾರು 4ರಿಂದ 8 ಮೀಟರ್. ಬೇವಿನಲ್ಲಿರುವಂತೆ ಒಂದೇ ದಂಟಿನ ಎರಡೂ ಬದಿಗೆ ಸಣ್ಣ ಎಲೆಗಳಿರುತ್ತವೆ. ಹೂಗಳು ತಿಳಿಗುಲಾಬಿ, ಕಾಯಿಗಳು ಗೋಲಿಯಾಕಾರದ ಬಿಳಿ ಗೊಂಚಲುಗಳು. ಎಲೆಯುದುರಿದ ಮೇಲೂ ಈ ಗೊಂಚಲುಗಳು ಮರದಲ್ಲಿ ಉಳಿಯುವುದರಿಂದ ಬ್ರಿಟನ್ ಮುಂತಾದ ಚಳಿನಾಡುಗಳ ಉದ್ಯಾನಗಳಲ್ಲಿ ಇದನ್ನು ಅಲಂಕಾರಕ್ಕಾಗಿ ಬೆಳೆಸುತ್ತಾರೆ. ಬೀಜ ಮೊಳೆಯಲು ತೇವದೊಡನೆ ಹಲವು ವಾರಗಳ ಚಳಿ ಬೇಕು. ಆದ್ದರಿಂದ ಇದು ನಮ್ಮ ಬಯಲುಸೀಮೆಗೆ ಒಗ್ಗುವ ಮರವಲ್ಲ.

ಬೀಜದ ಗುಟ್ಟು

ಸಾಮಾನ್ಯವಾಗಿ ಪರಾಗ ಮತ್ತು ಅಂಡ ಕೂಡಿ ಭ್ರೂಣವಾಗುತ್ತದೆ. ಎರಡೂ ಕಡೆಯ ಗುಣಗಳು ಬೆರೆಯುತ್ತವೆ. ಈ ರೋವನ್ ಮರದಲ್ಲಾದರೋ ಭ್ರೂಣವು ತಾಯಿಯ ಜೀವಕೋಶದಿಂದಲೇ, ಗುಣಗಳ ಬೆರಕೆಯಿಲ್ಲದೆ ಬೆಳೆಯುತ್ತದೆ. ಇದಕ್ಕೆ ನಿರ್ಲಿಂಗ ಬೀಜೋತ್ಪತ್ತಿ ಎನ್ನುತ್ತಾರೆ. ಪಶ್ಚಿಮ ಕರಾವಳಿಯ ಕೆಲವು ಮಾವಿನ ತಳಿಗಳಲ್ಲಿ ಒಂದೇ ಓಟೆಯಿಂದ ಹಲವು ಸಸಿಗಳು ಏಳುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಯಂತೆಯೇ ಇರುವುದಕ್ಕೂ ಇಂತಹುದೇ ಕಾರಣ.

ರೈತರಿಗೆ ಇದರಿಂದೇನು?

ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಗುಣಗಳು ಒಡೆದು, ಬೆಳೆ ಏರುಪೇರಾಗಿ, ಇಳುವರಿ ತಗ್ಗುತ್ತದೆ. ಹಾಗಾಗಿ ಪ್ರತಿವರ್ಷ ಹೊಸ ಬೀಜಕ್ಕೆ ಹಣ ತೆರಬೇಕು. ರೋವನ್ನಿನ ಗುಣ ಬೆಳೆಗಳಿಗೂ ಬಂದರೆ ಈ ಖರ್ಚು ಉಳಿದೀತು. 2019ರಲ್ಲಿ ವಿಜ್ಞಾನಿಗಳು ಭತ್ತದ ವಂಶವಾಹಿಗಳನ್ನು ತಿದ್ದಿ ತಾಯಿಯ ತದ್ರೂಪಿ ಬೀಜ ಪಡೆದರು. 2022ರಲ್ಲಿ ಹೈಬ್ರಿಡ್ ಭತ್ತದಲ್ಲಿ ಶೇಕಡಾ 95ಕ್ಕೂ ಮಿಕ್ಕಿ ತದ್ರೂಪಿ ಬೀಜಗಳು ದೊರೆತವು. ಆದರೆ ಇದು ಇನ್ನೂ ಪ್ರಯೋಗದ ಹಂತದಲ್ಲಿದೆ.

ಒಂದು ಎಚ್ಚರಿಕೆಯೂ ಅಗತ್ಯ. ಸಸಿಗಳೆಲ್ಲ ಒಂದೇ ಗುಣದವಾದರೆ, ಒಂದನ್ನು ಕೆಡಿಸುವ ರೋಗ ಎಲ್ಲವನ್ನೂ ಕೆಡಿಸಬಲ್ಲದು. ಸೇಬು ಮತ್ತು ರೋವನ್‌ಗಳ ಚಿಗುರನ್ನು ಸುಟ್ಟಂತೆ ಕಪ್ಪಾಗಿಸುವ ದುಂಡಾಣು ರೋಗ ಚಳಿನಾಡುಗಳಲ್ಲಿದೆ. ಆದುದರಿಂದ ತದ್ರೂಪಿ ಬೀಜ ಬಂದ ಕಾಲಕ್ಕೂ ಒಂದೇ ತಳಿಯನ್ನು ನೆಚ್ಚುವುದು ಲೇಸಲ್ಲ.

ಸದ್ಯಕ್ಕೆ ರೈತರು ರಾಗಿ ಮತ್ತು ಭತ್ತದ ಹೈಬ್ರಿಡ್ ಅಲ್ಲದ ತಳಿಗಳಲ್ಲಿ ರೋಗವಿಲ್ಲದ, ಬೆರಕೆಯಿಲ್ಲದ ತೆನೆಗಳನ್ನು ಆಯ್ದು ಬೀಜಕ್ಕೆ ಇಟ್ಟುಕೊಳ್ಳಬಹುದು. ಹೈಬ್ರಿಡ್ ಬೆಳೆಯ ಕಾಳನ್ನು ಮಾತ್ರ ಬಿತ್ತನೆಗೆ ಬಳಸಬಾರದು.